ಅಕ್ಕ ಕುಟ್ಟಿದ ಪುಡಿ

ಜೂನ್ 4, ಬೆಳಿಗ್ಗೆ

ಹೊಲಿದ ಯೂನಿಫಾರ್ಮ್‌ಗಳಿಗೆ ಗುಂಡಿಯ ಕಾಜ ಹಾಕುವುದು ಬಾಕಿ. ಪೀಪಿ ಇನ್ನೂ ಮಲಗಿದ್ದಾಳೆ — ಎದೆಯಲ್ಲಿ ಸದ್ದೇ ಇಲ್ಲ! ಉಬ್ಬಸದ ಸಿಳ್ಳೆಯಿಂದಲೇ ಮಗಳಿಗೆ ಆ ಹೆಸರು ಬಿದ್ದದ್ದು. ಐಸ್‌ಕ್ರೀಂ ಬಂದ್, ಬೇಕರಿ ಬಂದ್, ಕರಿದದ್ದು ಬಂದ್. ಶುಂಠಿ ನೀರು, ಹಣ್ಣು, ಸೊಪ್ಪು. ಜೊತೆಗೆ ಅಕ್ಕ ಕುಟ್ಟಿ ತರುವ ಬೇರಿನ ಪುಡಿ, ಜೇನಿನಲ್ಲಿ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿಯೂ, ಇಂಗ್ಲಿಷ್ ಔಷಧ ಬೇಡವೆಂಬ ನನ್ನ ಮಾತು ಒಪ್ಪಿದವಳು ಅವಳೊಬ್ಬಳೇ. ಇನ್‌ಹೇಲರ್ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಡಾಕ್ಟರುಗಳು ಬಂದು ನೋಡಲಿ!

ಜೂನ್ 19

ಪೀಪಿಯ ಲಂಗ ಸೊಂಟದಲ್ಲಿ ಬಿಗಿ. ಮತ್ತೆ ಹೊಲಿಗೆ ಬಿಚ್ಚಿ ಅಗಲ ಮಾಡಿದೆ. ಕೆನ್ನೆ ತುಂಬಿಕೊಂಡು ಮುಖ ಚಂದ್ರನ ಹಾಗೆ ದುಂಡಗಾಗಿದೆ. "ಏನ್ ತಿನ್ನಿಸ್ತೀರಾ, ನಮಗೂ ಹೇಳ್ರೀ" ಎಂದರು ಪಕ್ಕದ ಮನೆಯವರು. ಹಿಗ್ಗಿ ಹೀರೇಕಾಯಿ ಆದೆ. ಅಕ್ಕ ಮಾತ್ರ ಲೋಟ ತೊಳೆಯಲು ಎದ್ದು ಹೋದಳು.

ಜುಲೈ 2, ಮಧ್ಯಾಹ್ನ

ಸ್ಕೂಲಿಗೆ ಮಕ್ಕಳ ತಪಾಸಣೆಗೆ ಬಂದ ಡಾಕ್ಟರಮ್ಮ ನನ್ನನ್ನು ಕರೆಸಿದ್ದರು. ಪೀಪಿಯ ಕೆನ್ನೆ ನೋಡಿದರು, ಹೊಟ್ಟೆಯ ಮೇಲಿನ ಕೆಂಪು ಗೆರೆಗಳನ್ನು ನೋಡಿದರು.

"ಸ್ಟೀರಾಯ್ಡ್ ಮಾತ್ರೆ ಯಾವಾಗಿಂದ ಕೊಡ್ತಿದೀರಾ?"

"ನಾನಾ? ಜ್ವರದ ಮಾತ್ರೆ ಕೊಡೋಕೂ ಹಿಂದೆಮುಂದೆ ನೋಡೋಳು ನಾನು! ಅಕ್ಕ ಕುಟ್ಟಿ ಕೊಡೋ ಬೇರಿನ ಪುಡಿ ಬಿಟ್ರೆ ಬೇರೇನೂ ಇಲ್ಲ."

"ಆ ಪುಡಿ ತಂದು ತೋರಿಸಿ. ಅಲ್ಲೀವರೆಗೂ ಯಾವುದನ್ನೂ..."

ಪೂರ್ತಿ ಕೇಳಲಿಲ್ಲ. ಮಗಳ ಕೈ ಹಿಡಿದು ಎದ್ದು ಬಂದೆ.

ಜುಲೈ 2, ಸಂಜೆ

ಡಬ್ಬಿಯನ್ನು ಅಕ್ಕನ ಮುಂದಿಟ್ಟು ಕೇಳಿದೆ. ತಲೆ ಎತ್ತಲಿಲ್ಲ.

"ಮಾತ್ರೆ ಅರೆದು ಬೆರೆಸ್ತಿದ್ದೆ ಕಣೇ. ನೀನು ಇನ್‌ಹೇಲರ್ ಮುಟ್ಟೋಕೂ ಬಿಡ್ಲಿಲ್ಲ. ಮಗು ತುಟಿ ನೀಲಿ ಆಗೋದನ್ನ ನೋಡ್ಕೊಂಡು ಕೂರ್ಲಾ?"

ಅಕ್ಕ! ನನ್ನ ಒಡಹುಟ್ಟಿದ ಅಕ್ಕ! ಹಾಗಾದರೆ ನನ್ನ ಶುಂಠಿ ನೀರು? ನನ್ನ ಪಥ್ಯ? ಪುಡಿಯನ್ನೆಲ್ಲ ಮೋರಿಗೆ ಸುರಿದೆ. "ಇನ್ನು ಈ ಹೊಸಿಲು ತುಳೀಬೇಡ" ಎಂದು ಹೊರಗೆ ಹಾಕಿದೆ. ಬಾಗಿಲು ಬಡಿದು ಏನೋ ಕೂಗಿದಳು. ಹೊಲಿಗೆ ಮೆಷಿನ್ ಜೋರಾಗಿ ತುಳಿದೆ.

ಜುಲೈ 5

ಆಸ್ಪತ್ರೆ. ವಾರ್ಡಿನ ಹೊರಗಿನ ಬೆಂಚು.

ಬೆಳಿಗ್ಗೆ ಪೀಪಿ ವಾಂತಿ ಮಾಡಿ ಕುಸಿದಳು. ಉಬ್ಬಸವೂ ಮರಳಿದೆ. ಪುಡಿ ಮೋರಿಗೆ ಸುರಿದದ್ದನ್ನು ಹೇಳಿದೆ. "ದಿಢೀರಂತ ನಿಲ್ಲಿಸಿಬಿಟ್ರಾ?" ಡಾಕ್ಟರ್ ಹೌಹಾರಿದರು. "ಅಭ್ಯಾಸ ಆದ ಮೈಗೆ ಅದನ್ನ ಮೆಲ್ಲಗೆ ಬಿಡಿಸ್ಬೇಕಮ್ಮಾ!"

ಡಾಕ್ಟರಮ್ಮ ಹೇಳಲು ಹೊರಟದ್ದು ಇದನ್ನೇ. ಬಾಗಿಲ ಹೊರಗೆ ಅಕ್ಕ ಕೂಗಿದ್ದೂ ಇದನ್ನೇ. ದೇವರೇ... ನಾನು ಯಾರ ಮಾತನ್ನು ಕೇಳಿದ್ದೇನೆ?

ಯಾವ ಮಾತ್ರೆ, ಎಷ್ಟೆಷ್ಟು ಎಂದು ನರ್ಸ್ ಕೇಳಿದರು. ಗೊತ್ತಿರುವುದು ಒಬ್ಬಳಿಗೇ. ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಪೀಪಿ ಉಸಿರಾಡ್ತಿದಾಳಾ?"

ಅಕ್ಕಾ ಎಂದೆ, ಅಷ್ಟೇ. ಮಾತ್ರೆಯ ಹೆಸರು, ದಿನಕ್ಕೆ ಎಷ್ಟು ಅಂತ ಹೇಳಿ ಫೋನ್ ಇಟ್ಟಳು. ಬರೆದುಕೊಟ್ಟೆ. ಇಂಜೆಕ್ಷನ್ ಹಾಕಿದ್ದಾರೆ. ಕಾಯಬೇಕಂತೆ.

ಅಕ್ಕ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ಒಂದೇ ಕಾಲಿನಲ್ಲಿ ಚಪ್ಪಲಿ. ಅವಳಿಗೆ ನಾನು ಏನಂತ ಹೇಳ...