ಎದೆಗೆ ಹತ್ತಿರದ ಕೈ

ಮಾನ್ವಿ, ಜುಲೈ 1984

ದುರುಗಮ್ಮಾ,

ನಮ್ಮ ಹುಲಿಗೆಮ್ಮ ಇವತ್ತು ಶಾಲೆಯ ಸ್ಕೌಟ್ಸ್-ಗೈಡ್ಸ್ ದಳ ಸೇರಿದಳು. ಹೊಸಬರ ತಂದೆತಾಯಿಗಳನ್ನೂ ಕರೆಸಿದ್ದರು. ನೀನು ತೀರಿಕೊಂಡ ಮೇಲೆ ಇಂಥದ್ದಕ್ಕೆಲ್ಲ ನಾನೊಬ್ಬನೇ ಹೋಗುತ್ತೇನೆ.

ನೀಲಿ ಅಂಗಿ ಹೊಲಿಸಬೇಕು, ಹಗ್ಗದ ಗಂಟು ಕಲಿಯಬೇಕು, ರಾಯಚೂರಿನ ಶಿಬಿರಕ್ಕೆ ಮೂರು ದಿನ ಕಳಿಸಬೇಕು ಎಂದು ಟೀಚರ್ ಹೇಳಿದರು. ಮಗಳು ಎಡಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತಿದ್ದಳು. ಅವಳೂ ನಿನ್ನ ಹಾಗೆ ಎಡಚಿ. ಹುಡುಗಿಯರು ನಗುತ್ತಾರೆಂದು ಅವಳಿಗೆ ಹೆದರಿಕೆ.

ಆಮೇಲೆ ಟೀಚರ್ ಒಬ್ಬೊಬ್ಬರ ಕೈಕುಲುಕಲು ತಮ್ಮ ಎಡಗೈ ಚಾಚಿದರು. ಮೊದಲ ಹುಡುಗಿ ಗಾಬರಿಯಾಗಿ ಬಲಗೈ ಕೊಟ್ಟಳು. ಅವಳಪ್ಪ ಗಡಿಗೆಪ್ಪ ಎದ್ದೇ ನಿಂತ.

"ಎಡಗೈ ಕೊಡ್ತೀರಲ್ರೀ ಟೀಚರ್, ನಮ್ಮ ಹುಡುಗಿ ಏನ್ ತಪ್ಪು ಮಾಡ್ಯಾಳ?"

"ಕೂಡ್ರಿ ಯಪ್ಪಾ. ಸ್ಕೌಟಿನ್ಯಾಗ ಎಡಗೈನ ಕೊಡೋದು. ಎದಿಗೆ ಹತ್ರ ಇರೋ ಕೈ ಅದು."

ಅಷ್ಟು ಕೇಳಿದ್ದೇ ತಡ, ನಮ್ಮವಳು ಕೈ ಮುಂದೆ ತಂದಳು. "ಶಾಬಾಸ್" ಅಂದರು ಟೀಚರ್.

ನೀನು ಎಡಗೈಯಲ್ಲಿ ಬಡಿಸಿದ ದಿನ ನಮ್ಮವ್ವ ತಾಟು ಸರಿಸಿ ಎದ್ದುಹೋದಳು. ನಾನು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದೆ.

ಶಿಬಿರದ ಚೀಟಿಗೆ ಸಹಿ ಹಾಕಿ ಹೊರಗೆ ಬಂದೆ.

"ಯಪ್ಪಾ, ನೀನೂ ಕೊಡು" ಎಂದಳು ಮಗಳು.

ಎಡಗೈ ಕೊಟ್ಟೆ. ಮನೆ ಮುಟ್ಟುವವರೆಗೂ ಅವಳು ಬಿಡಲಿಲ್ಲ.