ಬಣ್ಣ ಹತ್ತದ ಪೆಟ್ಟು

ನವೆಂಬರ್ 8, ಶುಕ್ರವಾರ

ಇವತ್ತೂ ಸೋಲು. ಸುವೈಕ್ ಮೈದಾನದಲ್ಲಿ ಪೇಂಟ್‌ಬಾಲ್ ಪ್ರಾಕ್ಟೀಸ್ ಮ್ಯಾಚ್. ಕ್ಯಾಪ್ಟನ್ ಆಸ್ವಾಲ್ಡ್ ಅಂಕಲ್ ಬಹಳ ತಲೆ ಓಡಿಸಿದ್ದರು. ಬಿಸಿಲಿಗೆ ಬಣ್ಣದ ಗುಂಡುಗಳು ಮೆತ್ತಗಾಗುತ್ತವೆಂದು, ಮತ್ರಾ ಮಾರ್ಕೆಟಿನಿಂದ ಮೀನು ತರುವ ಪೆಟ್ಟಿಗೆಗೆ ಐಸ್ ತುಂಬಿ, ಅದರ ಮೇಲೆ ಸುರಿದು ತಂದಿದ್ದರು. ಎಲ್ಲವೂ ನೀರು ಕುಡಿದು ಊದಿಕೊಂಡು ಗನ್ನಿನೊಳಗೇ ಒಡೆದವು. ಎದುರು ಟೀಮಿನ ಒಮಾನಿ ಹುಡುಗರು ಮೂಗು ಮುಚ್ಚಿಕೊಂಡು ನಕ್ಕರು.

"ಐಸಲ್ಲಿಟ್ರೆ ಬಂಗುಡೆ ಎರಡು ದಿನ ಫ್ರೆಶ್ ಇರ್ತದೆ ಮಾರಾಯ. ಇದಕ್ಕೆಂತ ರೋಗ?"

"ಅಂಕಲ್, ಇದು ಫ್ರೈ ಮಾಡ್ಲಿಕ್ಕಲ್ಲ," ಅಂದ ನಮ್ಮ ಆಫೀಸಿನ ಅಫ್ರಾಜ್.

ಹೀಗೆ ಟೀಮಿಗೆ ಹೆಸರಾಯಿತು— ಬಂಗುಡೆ ಬಾಯ್ಸ್. ಐದು ಜನರಲ್ಲಿ ನಾನೊಬ್ಬಳೇ ಹುಡುಗಿ. ಕೇಳುವವರಿಲ್ಲ.

ಅಫ್ರಾಜ್‌ನ ಮಂಡಿಗೆ ಒಂದು ಚುಕ್ಕೆ ಬಣ್ಣ ತಾಗಿತ್ತು. ಮೈಗೆ ಬಣ್ಣ ಹತ್ತಿದರೆ ಔಟ್, ಕೈ ಎತ್ತಿ ಹೊರಗೆ ಹೋಗಬೇಕು. ತೀರ್ಪು ಕೊಡುವ ಮಾರ್ಷಲ್ ನೋಡಿರಲಿಲ್ಲ. ಒರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ತಾನೇ ಕೈ ಎತ್ತಿ ಹೊರಗೆ ನಡೆದ. ಸತ್ಯಹರಿಶ್ಚಂದ್ರ! ಚೆನ್ನಾಗಿ ಬೈದೆ. ಮನಸ್ಸಿನಲ್ಲಿ ಮಾತ್ರ, ಕಟ್ಟಿಕೊಂಡರೆ ಇವನನ್ನೇ ಅಂದುಕೊಂಡೆ.

ನವೆಂಬರ್ 20, ಬುಧವಾರ

ನಾಳೆ ಅಫ್ರಾಜ್ ಬಂಟ್ವಾಳಕ್ಕೆ. ತಂಗಿಯ ಮದುವೆ. ಮನೆಯಲ್ಲಿ ನನ್ನ ವಿಷಯವನ್ನೂ ಹೇಳುತ್ತಾನೆ. ಕೊನೆಗೂ. ಎರಡು ವರ್ಷದಿಂದ ನಮ್ಮಿಬ್ಬರ ವಿಷಯ ಆಫೀಸಿನಲ್ಲಾಗಲಿ ಟೀಮಿನಲ್ಲಾಗಲಿ ಒಬ್ಬರಿಗೂ ಗೊತ್ತಿಲ್ಲ.

ಎರಡು ವಾರದ ರಜೆ ಸಾಕೆಂದ. ನಾನು ಬಿಡಲಿಲ್ಲ. ಮದುವೆ ಗಲಾಟೆಯಲ್ಲಿ ಏನು ಹೇಳುತ್ತಾನೆ? ಎಲ್ಲ ಮುಗಿದ ಮೇಲೆ ಸಮಾಧಾನದಲ್ಲಿ ಹೇಳಲಿ. ಎಚ್‌ಆರ್‌ನಲ್ಲಿ ಕೂತಿರುವುದು ಯಾವ ಪುರುಷಾರ್ಥಕ್ಕೆ? ಮ್ಯಾನೇಜರ್ ಹತ್ತಿರ ಗೋಗರೆದು ಇನ್ನೊಂದು ವಾರ ಹಾಕಿಸಿದೆ.

"ಬ್ಯಾರಿ ಮನೆಗೆ ಕ್ರಿಶ್ಚಿಯನ್ ಹುಡುಗಿ... ಉಮ್ಮ ಅಳ್ತಾರೆ, ನಿಕೋಲ್."

"ನನ್ನ ಮಮ್ಮಿಯೂ ಅಳ್ತಾರೆ. ಇಬ್ರೂ ಒಟ್ಟಿಗೆ ಕೂತು ಅಳ್ಲಿ."

ನಕ್ಕ. ಫೈನಲಿಗೆ ಮೊದಲು ಬರುತ್ತಾನಂತೆ. ಫೈನಲ್ ತಲುಪುತ್ತೇವೆಂದು ಅವನೊಬ್ಬನಿಗೇ ನಂಬಿಕೆ.

ಡಿಸೆಂಬರ್ 6, ಶುಕ್ರವಾರ

ನಾಲ್ಕೇ ಜನ ಆಡಿ ಸೆಮಿಫೈನಲ್ ಗೆದ್ದೆವು! ಈ ಊರಿನ ಮೊದಲ ಟೂರ್ನಮೆಂಟ್, ಮೀನಿನ ಪೆಟ್ಟಿಗೆಯ ಟೀಮ್ ಫೈನಲಿಗೆ. ಅಫ್ರಾಜ್‌ಗೆ ಮೆಸೇಜ್ ಹಾಕಿದೆ. ಒಂದು ಹೆಬ್ಬೆರಳು ಬಂತು. ಅಷ್ಟೇ. ಐದು ದಿನದಿಂದ ಫೋನ್ ಇಲ್ಲ. ನೆಟ್‌ವರ್ಕ್ ಸರಿಯಿಲ್ಲವಂತೆ. ಬಂಟ್ವಾಳದಂಥ ಪೇಟೆಯಲ್ಲಿ...

ಡಿಸೆಂಬರ್ 13, ಶುಕ್ರವಾರ

ಅಫ್ರಾಜ್ ನಿನ್ನೆ ಬಂದನಂತೆ. ನಾನು ನೋಡಿದ್ದು ಇವತ್ತು, ಫೈನಲಿಗೆ ಮೊದಲು ಮೈದಾನದಲ್ಲಿ. ಗ್ಲೌಸ್ ಹಾಕುವಾಗ ಅವನ ಬೆರಳಲ್ಲಿ ಬೆಳ್ಳಿ ಉಂಗುರ. ಅಂಕಲೂ ನೋಡಿದರು.

"ಎಂತ ಮಾರಾಯ, ಉಂಗುರ?"

"ನಿಕಾಹ್ ಆಯ್ತು ಅಂಕಲ್."

ಎಲ್ಲರೂ ಬೆನ್ನು ತಟ್ಟಿದರು. ನಾನೂ ಕಂಗ್ರಾಟ್ಸ್ ಅಂದೆ. ಹೇಗೆ ಅಂದೆನೋ.

ಅಡಗಿ ಆಡುವ ಬಂಕರಿನ ಹಿಂದೆ ಇಬ್ಬರೇ, ವಿಸಿಲ್‌ಗೆ ಕಾಯುತ್ತ—

"ತಂಗಿದು ಆಗಿ ಒಂದು ವಾರ ಉಳಿದಿತ್ತಲ್ಲ. ಹೇಗೂ ರಜೆ ಉಂಟು, ನಿನ್ನದೂ ಮುಗಿಸುವ ಅಂದ್ರು ಉಮ್ಮ. ಪುನಃ ಯಾವಾಗ ಬರ್ತಿಯೋ ಅಂತ..."

"ನನ್ನ ವಿಷಯ ಹೇಳಿದ್ಯಾ?"

ಮಾಸ್ಕ್ ಮುಖಕ್ಕೆ ಎಳೆದುಕೊಂಡ. ಮಂಡಿಯ ಚುಕ್ಕೆಗೆ ಕೈ ಎತ್ತಿದ ಮನುಷ್ಯ. ಉಮ್ಮನ ಎದುರು ಬಾಯಿ ಬಿಡಲಿಲ್ಲ. ಮತ್ತೆ ಆ ವಾರ... ನಾನೇ ಕೇಳಿ ಕೊಡಿಸಿದ್ದು. ನಾನೇ.

ವಿಸಿಲ್ ಆಯಿತು. ಎದ್ದು ಓಡಿದೆ. ಪಕ್ಕೆಗೆ ಗುಂಡು ಬಿತ್ತು. ಉಸಿರು ನಿಂತ ಹಾಗಾಯಿತು. ಕೈ ಎತ್ತಿದೆ. ಮಾರ್ಷಲ್ ಓಡಿ ಬಂದು ಹಿಂದೆ ಮುಂದೆ ನೋಡಿದ. ಗುಂಡು ಒಡೆದಿರಲಿಲ್ಲ, ಇಡಿಯಾಗಿ ಕಾಲ ಬಳಿ ಬಿದ್ದಿತ್ತು. ಬಣ್ಣ ಹತ್ತದಿದ್ದರೆ ಔಟಲ್ಲ, ಅದು ರೂಲ್.

"ನೋ ಪೇಂಟ್. ಯಲ್ಲಾ, ಪ್ಲೇ!"

ಆ ಕಡೆಯಿಂದ ಅಂಕಲ್ ಕೂಗಿದರು. "ಎಂತ ನಿಂತದ್ದು ಮಾರಾಯ್ತಿ? ನಿಂಗೆಂತದೂ ಆಗ್ಲಿಲ್ಲ!"

ಆಡಿದೆ. ಗೆದ್ದೆವು. ಮಾಸ್ಕ್ ಒಳಗೆ ಅತ್ತರೆ ಹೊರಗೆ ಕಾಣುವುದಿಲ್ಲ, ಗಾಜು ಮಂಜಾಗುತ್ತದೆ ಅಷ್ಟೇ. ಫೋಟೋದಲ್ಲಿ ಅವನ ಪಕ್ಕದಲ್ಲೇ ನಿಲ್ಲಿಸಿದರು.

ಡಿಸೆಂಬರ್ 15, ಭಾನುವಾರ

ಪಕ್ಕೆ ಕಪ್ಪಗಾಗಿದೆ. ಬಗ್ಗಲು ಆಗುವುದಿಲ್ಲ. ಆಫೀಸಿಗೆ ಹೋದೆ.

ಮಧ್ಯಾಹ್ನ ಅಫ್ರಾಜ್ ಬಂದು ನನ್ನ ಟೇಬಲ್ ಎದುರು ನಿಂತ. ಫ್ಯಾಮಿಲಿ ವೀಸಾಕ್ಕೆ ಕಂಪನಿಯ ಲೆಟರ್ ಬೇಕಂತೆ. ಅದು ನನ್ನ ಕೆಲಸ. ಹೆಂಡತಿಯ ಹೆಸರು ಕೇಳಿದೆ. ಶಿಫಾನಾ ಅಂದ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಹೇಳು ಅಂದೆ. ಒಂದೊಂದೇ ಅಕ್ಷರ ಹೇಳಿದ. ಒಂದೊಂದೇ ಟೈಪ್ ಮಾಡಿದೆ.

"ಥ್ಯಾಂಕ್ಸ್, ನಿಕೋಲ್," ಅಂದ. ಪಕ್ಕದ ಟೇಬಲಿನವರು ಸ್ವೀಟ್ ಎಲ್ಲಿ ಎಂದು ಅವನನ್ನು ಹಿಡಿದುಕೊಂಡರು. ನನಗೂ ಒಂದು ಲಡ್ಡು ಬಂತು. ತಿಂದೆ.

ಎಲ್ಲರ ಎದುರು ಕೈ ಎತ್ತಿ ಹೊರಗೆ ನಡೆದುಬಿಡಬೇಕೆನ್ನಿಸಿತು. ಆದರೆ ಬಟ್ಟೆಯ ಮೇಲೆ ಬಣ್ಣ ಎಲ್ಲಿ—