ಅಕ್ಕನ ಸೀರೆಯ ಗೌನು

ನವನಗರ, ಬಾಗಲಕೋಟೆ
ಸೋಮವಾರ, 18 ನವೆಂಬರ್ 2024

ಹುನಗುಂದದಲ್ಲಿರುವ ನನ್ನ ಮಹೇಶ್ವರಿಗೆ, ಚಿಗವ್ವ ಮಾಡುವ ಆಶೀರ್ವಾದ.

ಹೇಗಿದ್ದೀ ಮಗಳೇ? ಹೊಟ್ಟೆಗೆ ಏನಾದರೂ ತಿನ್ನುತ್ತೀಯೋ, ಚಹಾದ ಮೇಲೆಯೇ ದಿನ ನೂಕುತ್ತೀಯೋ? ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಡುತ್ತಿದ್ದವಳು ನಿನ್ನವ್ವ. ಈಗ ಆ ಕೆಲಸ ನಿನ್ನ ಪಾಲಿಗೆ ಬಂತು. ಬರೀ ಕೈಗೆ ಕೊಟ್ಟು ಹೋಗಬೇಡ, ಎದುರಿಗೆ ನಿಂತು ನುಂಗಿಸು. ಅವರು ಗುಳಿಗೆಯನ್ನು ತಾಟಿನ ಕೆಳಗೆ ಮುಚ್ಚಿಟ್ಟು ಸುಮ್ಮನೆ ಏಳುವ ಪೈಕಿ. ನಾನು ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಸಿಟ್ಟಾಗಿದ್ದೀ, ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ಹರಿದು ಒಗೆದರೂ ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದೆ.

ನಿನ್ನವ್ವ ಮುತ್ತೈದೆಯಾಗಿ ಹೋದಳು. ಅಂಥವಳ ಮೈಮೇಲೆ ಕಡೆಗೆ ತವರಿನ ಸೀರೆ ಬರಬೇಕು. ಶಿರೂರಿನ ನಮ್ಮ ಮನೆಯವರೆಂದು ಉಳಿದವಳು ನಾನೊಬ್ಬಳೇ. ಅಪ್ಪ, ಅವ್ವ, ಅಣ್ಣ ಹೋದ ಮೇಲೆ ಅವಳಿಗೆ ನಾನು ತವರು, ನನಗೆ ಅವಳು ತವರು. ನನ್ನ ಮಗ ಸಂತೋಷ ಮಣ್ಣಿಗೆ ಬಂದ, ಹಾರ ತಂದ, ಸೀರೆ ತರಲಿಲ್ಲ. ಇಂಥವೆಲ್ಲ ಗಂಡಸರ ತಲೆಗೆ ಎಲ್ಲಿ ಹೊಳೆಯುತ್ತವೆ! "ಚಿಗವ್ವಗ ಒಂದು ಸೀರಿ ಭಾರ ಆತೇನು, ನಮ್ಮವ್ವ ತವರಿಲ್ಲದಾಕಿ ಹಂಗ ಹೋದ್ಲು" ಎಂದು ನೀನು ಅತ್ತದ್ದು ನನ್ನ ಕಿವಿಗೂ ಬಂತು. ಅತ್ತದ್ದು ಸರಿಯೇ. ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ಖಾರವಾಗಿ ಅನ್ನುತ್ತಿದ್ದೆ. ಆದರೆ ಮಗಳೇ, ಅಕ್ಕ ಹೋದದ್ದನ್ನು ನನಗೆ ಯಾರೂ ಹೇಳಿರಲೇ ಇಲ್ಲ.

ಆಗ ನಾನು ಮೊಣಕಾಲಿನ ಆಪರೇಷನ್ ಆಗಿ ದವಾಖಾನೆಯಲ್ಲಿ ಮಲಗಿದ್ದೆ. ಬಿ.ಪಿ. ಏರೀತು, ಹೊಲಿಗೆ ಮಾಯುವತನಕ ತಿಳಿಸುವುದು ಬೇಡ ಎಂದು ಮಗ ಸೊಸೆ ಮಾತಾಡಿಕೊಂಡರಂತೆ. ಅಕ್ಕ ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿದರೆ, ಅವಳ ಫೋನ್ ನೀರಿಗೆ ಬಿದ್ದಿದೆ ಎಂದರು. ನಾನೂ ನಂಬಿದೆ. ತಂಗಿಯ ಕಾಲು ಕೊಯ್ದಿದ್ದಾರೆ, ಒಂದು ಸಲ ಬಂದು ನೋಡಬಾರದೇ ಎಂದು ಅವಳನ್ನು ಬೈದುಕೊಳ್ಳುತ್ತಲೇ ಸೊಸೆ ಮಾಡಿದ ಶಿರಾ ತಿಂದೆ. ಅಕ್ಕ ಒಲೆಯ ಮುಂದೆ ಎದೆ ಹಿಡಿದು ಕುಳಿತವಳು ಮತ್ತೆ ಏಳಲಿಲ್ಲ ಎಂಬುದು ಕಡೆಗೆ ತಿಳಿದದ್ದು ನಮ್ಮ ಪಕ್ಕದ ಮನೆಯ ದರ್ಜಿ ಲಾಲಬಿಯಿಂದ. ಮನೆಗೆ ಬಂದ ಮೇಲೆ, ಅಕ್ಕ ಹೊಲಿಸಿಕೊಟ್ಟ ಗೌನಿನ ಅಂಚು ವಾಕರಿನ ಕಾಲಿಗೆ ಸಿಗುತ್ತಿತ್ತು. ಅದನ್ನು ಮೇಲೆ ಮಡಚಿ ಹೊಲಿಯಲು ಕರೆಸಿದ್ದೆ. ನನಗೆ ಗೊತ್ತಿದೆಯೆಂದೇ ತಿಳಿದು ಪಾಪ ಅವಳು ಕಣ್ಣೊರೆಸಿಕೊಂಡಳು. "ಅಕ್ಕಾರು ಕತ್ತರಿಸಿ ಕೊಟ್ಟ ಕಡೀ ಅರಿವಿ ಇದಽ ಆತ್ ನೋಡ್ರಿ" ಎಂದಳು. ಆಮೇಲೆ ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಓಣಿಯವರು ಬಂದು ಹಿಡಿದುಕೊಂಡರಂತೆ.

ಆ ಗೌನಿನ ಸಂಗತಿಯನ್ನು ನೀನು ಕೇಳಲೇಬೇಕು. ಆಪರೇಷನ್ನಿಗೆ ಮುಂಚೆ ನಿನ್ನವ್ವ ಇಲ್ಲಿಗೆ ಬಂದಿದ್ದಳಲ್ಲ, ಬಂದದ್ದೇ ನನ್ನ ಅರಿವೆಯ ಪಂಚಾಯಿತಿಗೆ. ಸೀರೆಯ ನಿರಿಗೆ ವಾಕರಿಗೆ ಸುತ್ತಿ ಬೀಳುತ್ತೀ, ಸೀರೆ ಬೇಡ ಎಂದಳು. ಸೊಸೆ ಪೇಟೆಯಿಂದ ತಂದ ನೈಟಿ ಮೈಗೆ ಅಂಟುವಂಥದು, ಕೆಳಗೆ ಬಿಗಿ. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಅದನ್ನು ತೊಡಿಸಿ, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಲು ಹೇಳಿದಳು. ನೈಟಿ ಮೊಣಕಾಲಿನ ಮೇಲೆ ಬಿಗಿದು ನಿಂತಿತು. ಬಾವು ಬಂದ ಕಾಲಿಗೆ ಪಟ್ಟಿ ಕಟ್ಟಿದರೆ ಇದು ಮೇಲೇರುತ್ತದೆಯೇ ಎಂದು ತೆಗೆದು ಮೂಲೆಗೆ ಒಗೆದಳು. ಚೂಡಿದಾರದ ಪೈಜಾಮಾ ನೋಡಿ ನಕ್ಕಳು. ನನ್ನ ಹಳೆಯ ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲವೂ ಜಾಳಾಗಿದ್ದವು, ಕೂತು ಎದ್ದರೆ ಪರ್ರೆಂದು ಹರಿಯುವಂಥವು. ಕಡೆಗೆ ಟ್ರಂಕಿನ ತಳಕ್ಕೆ ಕೈ ಹಾಕಿ ಹಸಿರು ಇಳಕಲ್ ಸೀರೆಯನ್ನು ಹೊರಗೆಳೆದಳು.

ಅದು ಅವಳ ಸೀರೆ ಮಗಳೇ. ಅಣ್ಣ ತೀರಿದ ವರ್ಷ ನಾವಿಬ್ಬರೂ ಇಳಕಲ್ಲಿಗೆ ಹೋಗಿ ಒಬ್ಬರಿಗೊಬ್ಬರು ಒಂದೊಂದು ಸೀರೆ ಆರಿಸಿ ತಂದಿದ್ದೆವು. ಯಾರು ಮೊದಲು ಹೋದರೂ ಉಳಿದವಳು ತವರಿನವಳಾಗಿ ಅದನ್ನು ಒಯ್ದು ಉಡಿಸಬೇಕೆಂದು ಮಾತಾಗಿತ್ತು. ನನ್ನದು ನಿಮ್ಮ ಮನೆಯಲ್ಲಿದೆ, ಅವಳದು ನನ್ನ ಟ್ರಂಕಿನಲ್ಲಿತ್ತು. ನಾನು ಬೇಡವೆಂದು ಕೈ ಹಿಡಿದುಕೊಂಡೆ. ಅವಳು ಕೇಳುವ ಪೈಕಿಯೇ? "ಸತ್ತಾಕಿಗೆ ಯಾವ ಅರಿವಿ ಆದ್ರೇನ್, ಚುಚ್ಚೂದಿಲ್ಲ, ಬಿಗ್ಯೂದಿಲ್ಲ. ನೋಯೂದು ನಿನ್ನ ಮೊಣಕಾಲ. ನೀ ನೆಟ್ಟಗ ನಡದ್ರ ಇಬ್ರೂ ಕೂಡಿ ಇಳಕಲ್ಲಿಗೆ ಹೋಗಿ ನನಗ ಇನ್ನೊಂದು ತರೂಣು" ಎಂದಳು.

ಬಿಸಿನೀರಿನಲ್ಲಿ ನೆನೆಹಾಕಿ ಗಂಜಿ ಬಿಡಿಸಿದಳು, ಹಿಂಡಿ ಹಿಂಡಿ ಮೆತ್ತಗೆ ಮಾಡಿದಳು. ಒಡಲು ಹತ್ತಿಯದೆಂದು ಅದನ್ನಷ್ಟೇ ತೆಗೆದುಕೊಂಡು, ಕೆಂಪು ರೇಷ್ಮೆಯ ಸೆರಗನ್ನು ಬೇರೆ ಮಾಡಿ ಮಡಚಿಟ್ಟಳು. ಲಾಲಬಿಯ ಮಷೀನಿನ ಪಕ್ಕದಲ್ಲಿ ನಿಂತು ಎರಡು ಗೌನು ಹೊಲಿಸಿದಳು. ಮುಂದೆ ಗುಂಡಿ, ಕೆಳಗೆ ಅಗಲ ಘೇರು, ಎಲ್ಲಿಯೂ ಇಲಾಸ್ಟಿಕ್ ಇಲ್ಲ. ಎರಡೂ ಕೈ ವಾಕರಿನ ಮೇಲಿರುತ್ತವೆ, ಫೋನ್ ಎಲ್ಲಿಡುತ್ತೀ ಎಂದು ಒಂದು ಕಿಸೆಯನ್ನೂ ಇಡಿಸಿದಳು. ಬೆಳಿಗ್ಗೆ ಸಂಜೆ ತಾನು ಮಾಡುವ ಫೋನು ಎತ್ತಬೇಕಲ್ಲ ಎಂದು ಬೇರೆ ಹೇಳಿದಳು. ಈಗ ಆ ಕಿಸೆಯಲ್ಲಿ ಫೋನ್ ಇಟ್ಟುಕೊಂಡೇ ಮನೆಯೊಳಗೆ ತಿರುಗುತ್ತೇನೆ. ಗೌನು ಭಾಳ ಹಿತವಾಗಿದೆ. ಎಲ್ಲಿಯೂ ಬಿಗಿಯುವುದಿಲ್ಲ, ಹೊಲಿಗೆಗೆ ತಾಗುವುದಿಲ್ಲ. ಅದು ಇಷ್ಟು ಹಿತವಾಗಿರುವುದನ್ನೇ ನನ್ನಿಂದ ತಡೆಯಲಾಗುತ್ತಿಲ್ಲ. ನನ್ನ ಅಕ್ಕನ ಕಡೆಯ ಸೀರೆಯನ್ನು ನಾನು ಉಟ್ಟುಕೊಂಡು ಕಾಲು ಚಾಚಿ ಕುಳಿತಿದ್ದೇನೆ, ಅವಳು ಯಾರೋ ಅಂಗಡಿಯಿಂದ ಅವಸರದಲ್ಲಿ ತಂದ ಸೀರೆಯಲ್ಲಿ ಮಣ್ಣಿಗೆ ಹೋದಳು. ಗೌನು ಬಿಚ್ಚಿಡಲೂ ಮನಸ್ಸಿಲ್ಲ, ತೊಡಲೂ ಮನಸ್ಸಿಲ್ಲ. ಸೊಸೆ ಪೇಟೆಯಿಂದ ಬೇರೊಂದು ತಂದುಕೊಟ್ಟಳು, ಮೂಲೆಗೆ ಒಗೆದುಬಿಟ್ಟೆ.

ಡಾಕ್ಟರು ನನಗೆ ಮೆಟ್ಟಿಲು ಹತ್ತಲು ಒಪ್ಪಿಗೆ ಕೊಟ್ಟ ದಿನ ಸೀರೆ ಉಟ್ಟು ಹುನಗುಂದಕ್ಕೆ ಬರುತ್ತೇನೆ. ಆ ಕೆಂಪು ಸೆರಗನ್ನು ತರುತ್ತೇನೆ, ಅವಳನ್ನು ಮಣ್ಣು ಮಾಡಿದ ಗದ್ದಿಗೆಯ ಮೇಲೆ ಹೊದಿಸೋಣ. ನೀನು ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂಡುತ್ತೇನೆ. ಹೊಸ ಮೊಣಕಾಲು, ಎಷ್ಟು ಹೊತ್ತಾದರೂ ಕೂಡಬಲ್ಲೆ.

ನಿನ್ನ ಅಪ್ಪನಿಗೆ ನನ್ನ ಶರಣು ಹೇಳು. ಬಸವಣ್ಣ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಚಿಗವ್ವ,
ಗುರುಲಿಂಗವ್ವ

ತಾ.ಕ.: ಅಂಚೆಗೆ ಹಾಕಲು ಲಾಲಬಿ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನ ಸೀರೆ ನಿನ್ನವ್ವನ ಕಪಾಟಿನಲ್ಲಿದೆ, ನೇರಳೆ ಬಣ್ಣದ್ದು. ಅದನ್ನು ಯಾರಿಗೂ ಕೊಡಬೇಡ. ಶಿರೂರಿನವರೆಂದು ನನಗೆ ಇನ್ನು ಯಾರೂ ಇಲ್ಲ. ನಾನು ಹೋದ ದಿನ ತವರಿನವಳಾಗಿ ನೀನೇ ಅದನ್ನು ತರಬೇಕು. ಅಷ್ಟರೊಳಗೆ ನಿನ್ನ ಸಿಟ್ಟು ಇಳಿಯದಿದ್ದರೆ ಸಿಟ್ಟಿನಲ್ಲೇ ತಾ, ಆದರೆ ತಾ.